ಟಾಂಕಿಯ ನೀರಿಗೊಂದು ದೀಪ: ಬೋರ್ಡೋ ದ್ರಾವಣದಂತೆ ಇದನ್ನೂ ನಾವೇ ಮಾಡಿಕೊಳ್ಳೋಣ

ಮಳೆ ಹಿಂದೆ ಸರಿದು, ಕೊಳೆರೋಗದ ಸಿಂಪಡಣೆಯ ಗಡಿಬಿಡಿ ಮುಗಿದು, ತೋಟಗಾರನು ಪಂಪುಶೆಡ್ಡಿನ ಬೀಗ ತೆಗೆಯುವ ಕಾಲ ಹತ್ತಿರವಾಗುತ್ತಿದೆ. ಇನ್ನು ಏಳೆಂಟು ತಿಂಗಳು ನಮ್ಮೆಲ್ಲರ ದಿನಚರಿಯನ್ನು ನಿರ್ಧರಿಸುವುದು ಮೂರು ಸಂಗತಿಗಳು: ಬಾವಿಯಲ್ಲಿ ನೀರೆಷ್ಟು, ವಿದ್ಯುತ್ತು ಯಾವಾಗ, ಟಾಂಕಿ ತುಂಬಿತೋ ಇಲ್ಲವೋ. ಮೊದಲನೆಯದು ಪ್ರಕೃತಿಯ ಕೈಯಲ್ಲಿದೆ, ಎರಡನೆಯದು ವಿದ್ಯುತ್ ಕಂಪೆನಿಯ ಕೈಯಲ್ಲಿದೆ. ಮೂರನೆಯದೊಂದು ಮಾತ್ರ ಪೂರ್ತಿಯಾಗಿ ನಮ್ಮ ಕೈಯಲ್ಲೇ ಇದೆ. ಆಶ್ಚರ್ಯವೆಂದರೆ ನಾವು ಅತ್ಯಂತ ಕಡಿಮೆ ಗಮನ ಕೊಟ್ಟಿರುವುದೂ ಅದಕ್ಕೇ. ಆದುದರಿಂದ ಈ ಸಲ ಟಾಂಕಿಯ ನೀರಿನ ಮಟ್ಟವನ್ನು ಮನೆಯಲ್ಲಿ ಕುಳಿತೇ ತಿಳಿಯುವ ಒಂದು ಸರಳ ಉಪಕರಣದ ವಿಷಯವಾಗಿ ಸದಸ್ಯ ಬಂಧುಗಳೊಡನೆ ನಾಲ್ಕು ಮಾತು ಆಡಬಯಸುತ್ತೇವೆ.

ನಮ್ಮ ಭೂಮಿಯ ಲಕ್ಷಣವನ್ನು ಮೊದಲು ನೋಡೋಣ. ಕಾರ್ಕಳದ ಒಳನಾಡಿನಲ್ಲಿ ತೋಟವಿರುವುದು ತಗ್ಗಿನಲ್ಲಿ, ಬಾವಿ ಅಥವಾ ಹೊಳೆಯ ಪಂಪು ಅದಕ್ಕಿಂತಲೂ ಕೆಳಗೆ, ಮನೆ ಗುಡ್ಡದ ಬದಿಯಲ್ಲಿ, ಟಾಂಕಿ ಗುಡ್ಡದ ತಲೆಯಲ್ಲಿ. ನೀರು ತಾನಾಗಿ ಇಳಿದು ಬರಲೆಂದು ಹಿರಿಯರು ಮಾಡಿದ ಈ ಏರ್ಪಾಡು ಬುದ್ಧಿವಂತಿಕೆಯದ್ದೇ. ಆದರೆ ಪಂಪು ಹಾಕುವವನಿಗೆ ಟಾಂಕಿ ಕಾಣುವುದಿಲ್ಲ, ಟಾಂಕಿಯ ಬಳಿ ಇರುವವನಿಗೆ ಪಂಪು ಕಾಣುವುದಿಲ್ಲ. ಹಿಂದೆ ಮನೆ ತುಂಬ ಜನವಿದ್ದಾಗ "ಟಾಂಕಿ ನೋಡಿ ಬಾ" ಎಂದರೆ ಓಡುವ ಹುಡುಗರಿದ್ದರು. ಇಂದು ಮಕ್ಕಳು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಕೊಲ್ಲಿ ದೇಶಗಳಲ್ಲೋ ಇದ್ದಾರೆ. ತೋಟದ ಮನೆಯಲ್ಲಿ ಹಿರಿಯರಿಬ್ಬರೇ ಉಳಿದಿರುವುದು ಅಪರೂಪವಲ್ಲ. ಮೂರು ಫೇಸಿನ ವಿದ್ಯುತ್ತು ರಾತ್ರಿಯ ಹೊತ್ತು ಬಂದರೆ, ಎಪ್ಪತ್ತರ ಪ್ರಾಯದವರು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ದೊಣ್ಣೆ ಹಿಡಿದು ಗುಡ್ಡ ಹತ್ತಬೇಕು. ಹಾವು ಹುಳದ ಭಯ ಒಂದು ಕಡೆ, ಪಾಚಿಗಟ್ಟಿದ ಮೆಟ್ಟಿಲಿನಲ್ಲಿ ಕಾಲು ಜಾರುವ ಭಯ ಇನ್ನೊಂದು ಕಡೆ. ಹತ್ತಲಾರದವರು ಏನು ಮಾಡುತ್ತಾರೆ? ಅಂದಾಜಿನ ಮೇಲೆ ಪಂಪು ಬಿಟ್ಟು ಮಲಗುತ್ತಾರೆ. ವಿದ್ಯುತ್ತು ಬಂದೊಡನೆ ತಾನೇ ಪಂಪನ್ನು ಚಾಲೂ ಮಾಡುವ ಆಟೋ ಸ್ವಿಚ್ಚು ಹಾಕಿದವರಿಗಂತೂ ಟಾಂಕಿ ಎಷ್ಟು ಹೊತ್ತು ತುಂಬಿ ಹರಿಯಿತೆಂಬುದು ಬೆಳಿಗ್ಗೆ ಒದ್ದೆ ನೆಲ ನೋಡಿಯೇ ತಿಳಿಯಬೇಕು.

ಹರಿದು ಹೋದದ್ದರ ಲೆಕ್ಕ

"ಸ್ವಲ್ಪ ಹರಿದರೇನು, ನೀರು ನೆಲಕ್ಕೇ ತಾನೇ ಹೋಯಿತು" ಎಂದು ಹೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಗಂಟೆಗೆ 10,000 ಲೀಟರ್ ನೀರೆತ್ತುವ ಒಂದು ಸಾಮಾನ್ಯ ಪಂಪು ದಿನಕ್ಕೆ ಬರೇ 20 ನಿಮಿಷ ಹೆಚ್ಚಾಗಿ ಓಡಿತೆಂದಿಟ್ಟುಕೊಳ್ಳಿ. ಸುಮಾರು 3,300 ಲೀಟರ್ ವ್ಯರ್ಥ. ಮಾರ್ಚಿನಿಂದ ಮೇ ತನಕದ 90 ದಿನಗಳಿಗೆ ಇದು 3 ಲಕ್ಷ ಲೀಟರಾಯಿತು. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕೆಂಬುದು ತಜ್ಞರ ಶಿಫಾರಸು. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕ್ರೆಗೆ ಸುಮಾರು 550 ಮರಗಳು. ಮರಕ್ಕೆ 20 ಲೀಟರಿನಂತೆ ದಿನಕ್ಕೆ 11,000 ಲೀಟರ್. ಅಂದರೆ ದಿನದ ಆ 20 ನಿಮಿಷಗಳ ಅಲಕ್ಷ್ಯದಲ್ಲಿ ಒಂದು ಎಕ್ರೆ ತೋಟದ 27 ದಿನಗಳ ನೀರು ಹೋಯಿತು! ಮೇ ತಿಂಗಳ ಮೊದಲ ವಾರದಲ್ಲಿ ಬಾವಿಯ ತಳ ಕಂಡವನಿಗೆ ಈ 27 ದಿನಗಳ ಬೆಲೆ ಏನೆಂದು ನಾವು ಹೇಳಬೇಕಾಗಿಲ್ಲ.

ನೆಲಕ್ಕೆ ಇಂಗಿದ ನೀರು ತಿರುಗಿ ನಮ್ಮ ಬಾವಿಗೇ ಬರುತ್ತದೆ ಎಂಬ ಸಮಾಧಾನವೂ ಪೂರ್ತಿ ಸರಿಯಲ್ಲ. ನಮ್ಮದು ಮುರಕಲ್ಲಿನ ನಾಡು. ಅದರಲ್ಲಿ ನೀರು ಇಳಿಯುವುದೂ ಬೇಗ, ಬದಿಯಿಂದ ಹೊರಡುವುದೂ ಬೇಗ. ವರ್ಷಕ್ಕೆ 4,000 ಮಿಲ್ಲಿಮೀಟರಿನ ಆಸುಪಾಸು ಮಳೆ ಬಿದ್ದರೂ ಏಪ್ರಿಲಿನಲ್ಲಿ ಬಾವಿ ಬತ್ತುವುದಕ್ಕೆ ಇದೂ ಒಂದು ಕಾರಣ. ಗುಡ್ಡದ ತಲೆಯಲ್ಲಿ ಚೆಲ್ಲಿದ ನೀರು ನಾಳೆ ನಮ್ಮ ಬಾವಿಯಲ್ಲಿ ಸಿಗುವ ಭರವಸೆಯಿಲ್ಲ. ಟಾಂಕಿಯ ಅಡಿಪಾಯದ ಮಣ್ಣನ್ನು ಸಡಿಲಗೊಳಿಸುವುದು ಮಾತ್ರ ಖಂಡಿತ. ನೀರು ತಿರುಗಿ ಬಂದೀತೆಂದೇ ಇಟ್ಟುಕೊಂಡರೂ, ಅದನ್ನೆತ್ತಿದ ವಿದ್ಯುತ್ತಿನ ಹೊತ್ತು ತಿರುಗಿ ಬರುವುದಿಲ್ಲ.

ಘಟ್ಟದ ಮೇಲಿನ ನಮ್ಮ ಕಾಫಿ ಬೆಳೆಗಾರ ಸದಸ್ಯರಿಗೂ ಈ ಮಾತು ಅನ್ವಯಿಸುತ್ತದೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ರೊಬಸ್ಟಾಕ್ಕೆ ತುಂತುರು ನೀರಾವರಿಯಿಂದ ಹೂಮಳೆ ಕೊಡುವಾಗ ಒಂದು ಎಕ್ರೆಗೆ ಒಂದು ಇಂಚು ನೀರೆಂದರೆ ಒಂದು ಲಕ್ಷ ಲೀಟರಿಗೂ ಮೇಲೆ. ಅರ್ಧದಲ್ಲಿ ನೀರು ಮುಗಿದರೆ ಹೂವು ಸರಿಯಾಗಿ ಅರಳದೆ ಕೆಡುವ ಅಪಾಯವಿದೆ. ಕೊಡದಿದ್ದರೆ ಆಗುವ ನಷ್ಟಕ್ಕಿಂತ ಅರೆಬರೆ ಕೊಟ್ಟದ್ದರ ನಷ್ಟವೇ ಹೆಚ್ಚಾದೀತು. ಕೈಯಲ್ಲಿರುವ ನೀರೆಷ್ಟೆಂದು ಕೆಲಸಕ್ಕೆ ಮೊದಲೇ ತಿಳಿದಿರಬೇಕಾದ ಅವಶ್ಯಕತೆ ಅಲ್ಲಿ ಇಲ್ಲಿಗಿಂತ ಹೆಚ್ಚಿನದು.

ಮೇಲಿನವರು, ಕೆಳಗಿನವರು

ಇದು ಬರೇ ನಮ್ಮ ನಮ್ಮ ತೋಟದ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಸ್ವರ್ಣಾ ನದಿ ಕಾರ್ಕಳ ತಾಲೂಕಿನ ಮಾಳದ ಕಡೆಯ ಘಟ್ಟದಲ್ಲಿ ಹುಟ್ಟಿ, ನಮ್ಮ ಅಡಿಕೆ ತೋಟಗಳ ಬದಿಯಲ್ಲಿ ಹರಿದು, ಹಿರಿಯಡ್ಕದ ಬಳಿಯ ಬಜೆ ಅಣೆಕಟ್ಟಿಗೆ ಬರುತ್ತದೆ. ಉಡುಪಿ ಮತ್ತು ಮಣಿಪಾಲದ ಮನೆಗಳು, ವಿದ್ಯಾಲಯಗಳು, ಆಸ್ಪತ್ರೆಗಳು ಕುಡಿಯುವುದು ಅಲ್ಲಿಯ ನೀರನ್ನು. 2019ರ ಮೇ ತಿಂಗಳಲ್ಲಿ ಬಜೆಯಲ್ಲಿ ನೀರು ತಳ ಕಂಡು, ನದಿಯ ಗುಂಡಿಗಳಲ್ಲಿ ನಿಂತ ನೀರನ್ನು ಪಂಪು ಮಾಡಿ ಅಣೆಕಟ್ಟಿಗೆ ತರಬೇಕಾಗಿ ಬಂದುದು, ನಗರದಲ್ಲಿ ಟಾಂಕರುಗಳು ಓಡಾಡಿದುದು ಎಲ್ಲರಿಗೂ ನೆನಪಿದೆ. ನದಿಯ ಮೇಲ್ಭಾಗದ ಕೃಷಿ ಪಂಪುಗಳ ಮೇಲೆ ಕಣ್ಣು ಬೀಳುವುದು, ಅವುಗಳ ವಿದ್ಯುತ್ತನ್ನು ನಿಲ್ಲಿಸಬೇಕೆಂಬ ಮಾತು ಏಳುವುದು ಇಂಥ ಬೇಸಗೆಗಳಲ್ಲಿಯೇ.

ಕಾಪುವಿನ ಕಡೆಯ ಕಷ್ಟ ಇನ್ನೊಂದು ಬಗೆಯದು. ಕಡಲಿನ ಸಮೀಪದ ಬಾವಿಗಳಲ್ಲಿ ಬೇಸಗೆಯಲ್ಲಿ ಹೆಚ್ಚು ನೀರೆತ್ತಿದರೆ ಸಿಹಿನೀರಿನ ಒತ್ತಡ ಕುಗ್ಗಿ ಉಪ್ಪುನೀರು ಒಳ ಬರುತ್ತದೆ. ಒಮ್ಮೆ ಉಪ್ಪಾದ ಬಾವಿ ತಿರುಗಿ ಸಿಹಿಯಾಗಲು ಮಳೆಗಾಲವನ್ನೇ ಕಾಯಬೇಕು. ಅಲ್ಲಿ ವ್ಯರ್ಥವಾಗಿ ಎತ್ತಿದ ಪ್ರತಿಯೊಂದು ಕೊಡವೂ ಉಪ್ಪನ್ನು ಒಂದು ಹೆಜ್ಜೆ ಒಳಗೆ ಕರೆದಂತೆ.

ತೋಟಕ್ಕೆ ನೀರು ಬೇಕೇ ಬೇಕು. ಅಡಿಕೆ ಮರ ಒಮ್ಮೆ ಒಣಗಿದರೆ ಇನ್ನೊಂದಕ್ಕೆ ಆರೇಳು ವರ್ಷ ಕಾಯಬೇಕು. ಈ ಹಕ್ಕಿಗಾಗಿ ನಾವು ವಾದಿಸಲೇಬೇಕು. ಆದರೆ ವಾದಿಸುವವನ ಟಾಂಕಿ ತುಂಬಿ ಹರಿಯುತ್ತಿರಬಾರದು. 10 ಅಶ್ವಶಕ್ತಿಯ ತನಕದ ಕೃಷಿ ಪಂಪುಗಳಿಗೆ ರಾಜ್ಯದಲ್ಲಿ ವಿದ್ಯುತ್ತು ಉಚಿತವಾಗಿ ದೊರೆಯುತ್ತಿದೆ. ಬಿಲ್ಲು ಬಾರದ ಕಾರಣ ಹರಿದದ್ದರ ನೋವು ನಮಗೆ ತಟ್ಟುವುದಿಲ್ಲ. ಬಿಲ್ಲು ಹೇಳದ್ದನ್ನು ಹೇಳಲು ಬೇರೊಂದು ಸಾಕ್ಷಿ ಬೇಕು. ಮಟ್ಟ ತೋರಿಸುವ ದೀಪವೇ ಆ ಸಾಕ್ಷಿ.

ಉಪಕರಣ ಯಾವುದು?

ಮೊದಲೇ ಒಂದು ಮಾತು. ಟಾಂಕಿ ಅಂಗಳದಿಂದ ಕಾಣುವಂತಿದ್ದರೆ ಎಲೆಕ್ಟ್ರಾನಿಕ್ಸಿನ ಗೊಡವೆಯೇ ಬೇಡ. ಒಳಗೆ ತೇಲುವ ಒಂದು ಡಬ್ಬ, ಅದಕ್ಕೊಂದು ನೈಲಾನ್ ಹಗ್ಗ, ಅಂಚಿನಲ್ಲೊಂದು ರಾಟೆ, ಹೊರಗೆ ತೂಗುವ ಕೆಂಪು ಬಣ್ಣದ ಭಾರ. ಗೋಡೆಯ ಮೇಲೆ ಗೆರೆ ಹಾಕಿದರಾಯಿತು. ನೀರು ಏರಿದಂತೆ ಭಾರ ಇಳಿಯುತ್ತದೆ. ಇದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಟಾಂಕಿ ದೂರದಲ್ಲಿದ್ದವರಿಗೆ, ರಾತ್ರಿ ಪಂಪು ಹಾಕುವವರಿಗೆ ಮಾತ್ರ ದೀಪ ಬೇಕಾಗುವುದು.

ಇದರ ತತ್ತ್ವ ಸುಲಭ. ಬಾವಿಯ ನೀರಿನಲ್ಲಿ ಕರಗಿದ ಲವಣಗಳಿರುವುದರಿಂದ ಅಲ್ಪ ಪ್ರಮಾಣದ ವಿದ್ಯುತ್ತು ಅದರಲ್ಲಿ ಹರಿಯುತ್ತದೆ. ಆ ಅಲ್ಪದಿಂದ ದೀಪ ಉರಿಯದು. ಅದನ್ನು ದೊಡ್ಡದು ಮಾಡಲು ಟ್ರಾನ್ಸಿಸ್ಟರ್ ಬೇಕು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಈ ವಸ್ತುವಿನ ಹೆಸರು ನಮ್ಮ ಹಿರಿಯರಿಗೆ ರೇಡಿಯೋದ ಹೆಸರಾಗಿಯೇ ಪರಿಚಿತ. ಅದಕ್ಕೆ ಮೂರು ಕಾಲುಗಳು: ಕಲೆಕ್ಟರ್, ಬೇಸ್, ಎಮಿಟರ್. ಗದ್ದೆಯ ತೂಬಿಗೆ ಹೋಲಿಸಬಹುದು. ತೂಬಿನ ಹಲಗೆ ಎತ್ತಲು ಸಣ್ಣ ಬಲ ಸಾಕು, ಹರಿಯುವ ನೀರು ಮಾತ್ರ ಬಹಳ. ಬೇಸ್ ಕಾಲಿಗೆ ಬಂದ ಅಲ್ಪ ವಿದ್ಯುತ್ತು ಹಲಗೆ ಎತ್ತುವ ಕೈ. ಕಲೆಕ್ಟರಿನಿಂದ ಎಮಿಟರಿಗೆ ಹರಿಯುವುದು ಅದರ ನೂರು ಪಾಲು ಅಥವಾ ಹೆಚ್ಚು.

ಬೇಕಾಗುವ ಸಾಮಾನುಗಳು ಇವು: ಬಿಸಿ 547 ಎಂಬ ಟ್ರಾನ್ಸಿಸ್ಟರ್ 4, ಎಲ್‌ಇಡಿ ದೀಪ 4, 1 ಸಾವಿರ ಓಮಿನ ರೆಸಿಸ್ಟರ್ 5, 10 ಸಾವಿರ ಓಮಿನದು 4, 1 ಲಕ್ಷ ಓಮಿನದು 4, ಒಂದು ಸಣ್ಣ 9 ವೋಲ್ಟಿನ ಬಝರು, ಒಂದು ಸ್ವಿಚ್ಚು, ಟಾರ್ಚಿನ ದೊಡ್ಡ ಸೆಲ್ಲು 6, ಐದು ಎಳೆಗಳ ತಂತಿ, ಸ್ಟೇನ್‌ಲೆಸ್ ಸ್ಟೀಲಿನ ಸರಳು 5. ತಂತಿಯ ಉದ್ದವನ್ನು ಬಿಟ್ಟರೆ ಉಳಿದದ್ದರ ಖರ್ಚು ಒಂದು ಆಳಿನ ದಿನಗೂಲಿಯನ್ನು ಮೀರುವುದು ಕಷ್ಟ.

ಜೋಡಣೆ ಹೀಗೆ. ಟಾಂಕಿಯ ತಳದ ತನಕ ಇಳಿದ ಒಂದು ಸರಳು ಎಲ್ಲಕ್ಕೂ ಸಾಮಾನ್ಯವಾದುದು. ಅದು 1 ಸಾವಿರ ಓಮಿನ ಒಂದು ರೆಸಿಸ್ಟರಿನ ಮೂಲಕ ಬ್ಯಾಟರಿಯ ಧನ ತುದಿಗೆ. ಕಾಲು, ಅರ್ಧ, ಮುಕ್ಕಾಲು, ಪೂರ್ಣ ಎಂಬ ನಾಲ್ಕು ಮಟ್ಟಗಳಿಗೆ ನಾಲ್ಕು ಸರಳುಗಳು. ಅವು ಒಂದೊಂದೂ 10 ಸಾವಿರ ಓಮಿನ ಮೂಲಕ ಒಂದೊಂದು ಟ್ರಾನ್ಸಿಸ್ಟರಿನ ಬೇಸ್ ಕಾಲಿಗೆ. ನಾಲ್ಕು ಎಮಿಟರುಗಳೂ ಕೂಡಿ ಬ್ಯಾಟರಿಯ ಋಣ ತುದಿಗೆ. ಧನ ತುದಿಯಿಂದ 1 ಸಾವಿರ ಓಮ್, ಅಲ್ಲಿಂದ ಎಲ್‌ಇಡಿ, ಅಲ್ಲಿಂದ ಕಲೆಕ್ಟರ್. ಪೂರ್ಣ ಮಟ್ಟದ ಟ್ರಾನ್ಸಿಸ್ಟರಿನ ಕಲೆಕ್ಟರಿಗೂ ಧನ ತುದಿಗೂ ನಡುವೆ ಬಝರು. ಬೇಸ್ ಮತ್ತು ಎಮಿಟರ್ ನಡುವೆ 1 ಲಕ್ಷ ಓಮ್. ಸ್ವಿಚ್ಚು ಬ್ಯಾಟರಿಯ ಧನ ತುದಿಯಲ್ಲಿಯೇ ಇರಲಿ, ಆರಿಸಿದಾಗ ಎಲ್ಲವೂ ಆರಬೇಕು. ಟ್ರಾನ್ಸಿಸ್ಟರಿನ ಚಪ್ಪಟೆ ಮುಖವನ್ನು ನಮ್ಮ ಕಡೆಗೆ, ಕಾಲುಗಳನ್ನು ಕೆಳಗೆ ಹಿಡಿದರೆ ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್.

ಈ 1 ಲಕ್ಷ ಓಮಿನ ರೆಸಿಸ್ಟರನ್ನು ಅನಾವಶ್ಯಕವೆಂದು ಬಿಡುವವರಿದ್ದಾರೆ. ನಮ್ಮ ಕರಾವಳಿಯಲ್ಲಿ ಅದನ್ನು ಬಿಡಬಾರದು. ಗಾಳಿಯ ತೇವದಿಂದ ತಂತಿಯ ಕೂಡುಗಳಲ್ಲಿ ವಿದ್ಯುತ್ತು ತುಸು ಸೋರಿದರೂ ಟ್ರಾನ್ಸಿಸ್ಟರ್ ಅದನ್ನೇ ನೀರೆಂದು ತಿಳಿದು ದೀಪವನ್ನು ಮಂಕಾಗಿ ಬೆಳಗಿಸುತ್ತದೆ. ಆ ಸೋರಿಕೆಯನ್ನು ಪಕ್ಕಕ್ಕೆ ಹರಿಯಗೊಡುವುದೇ ಈ ರೆಸಿಸ್ಟರಿನ ಕೆಲಸ.

ಪಂಪು ಹಾಕುವಾಗ ಸ್ವಿಚ್ಚು ಹಾಕಿ, ಬಝರು ಕೂಗಿದಾಗ ಪಂಪನ್ನೂ ಸ್ವಿಚ್ಚನ್ನೂ ನಿಲ್ಲಿಸುವ ಅಭ್ಯಾಸ ಮಾಡಿಕೊಂಡರೆ ಆರು ಸೆಲ್ಲುಗಳಲ್ಲಿ ಬಹುಮಟ್ಟಿಗೆ ಒಂದು ಬೇಸಗೆ ಕಳೆಯಬಹುದು.

ಕೆಡುವುದು ಎಲ್ಲಿ?

ಇಷ್ಟನ್ನು ಯಾವ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿಯೂ ನೋಡಬಹುದು. ಮೇಜಿನ ಮೇಲಿನ ಗಾಜಿನ ಲೋಟದಲ್ಲಿ ಚೆನ್ನಾಗಿ ಬೆಳಗುವ ದೀಪ ತೋಟಕ್ಕೆ ಬಂದು ಒಂದು ವರ್ಷದಲ್ಲಿ ಏಕೆ ಮೂಕವಾಗುತ್ತದೆ ಎಂಬುದೇ ನಮಗೆ ಮುಖ್ಯವಾದ ಪ್ರಶ್ನೆ.

ಮೊದಲನೆಯ ಶತ್ರು ವಿದ್ಯುದ್ವಿಭಜನೆ. ನೀರಿನಲ್ಲಿ ಒಂದೇ ದಿಕ್ಕಿಗೆ ವಿದ್ಯುತ್ತು ಹರಿದರೆ ಧನ ತುದಿಯ ಲೋಹ ಕರಗುತ್ತದೆ. ತಾಮ್ರದ ತಂತಿಯನ್ನೇ ಇಳಿಬಿಟ್ಟರೆ ಕೆಲವೇ ತಿಂಗಳಲ್ಲಿ ಹಸಿರು ಕಿಲುಬು ಹಿಡಿದು ತುಂಡಾಗುತ್ತದೆ. ಕುಡಿಯುವ ನೀರಿನ ಟಾಂಕಿಯಲ್ಲಿ ತಾಮ್ರವನ್ನು ಹಾಗೆ ಬಿಡಲೇಬಾರದು. ಸ್ಟೇನ್‌ಲೆಸ್ ಸ್ಟೀಲೇ ಇರಲಿ, ಪಂಪು ನಡೆಯುವಾಗ ಮಾತ್ರ ವಿದ್ಯುತ್ತು ಹರಿಯಲಿ. ಕಾಪುವಿನ ಕಡೆ ಉಪ್ಪಿನಂಶವಿರುವ ನೀರಿನಲ್ಲಿ ಸವೆತ ಇನ್ನೂ ಬೇಗ. ಬರೇ ತೋಟಕ್ಕೆ ನೀರು ಕೊಡುವ ಟಾಂಕಿಯಾದರೆ ಮುಗಿದ ಟಾರ್ಚು ಸೆಲ್ಲಿನ ಒಳಗಿನ ಕಪ್ಪು ಇಂಗಾಲದ ಕಡ್ಡಿಯನ್ನು ತೆಗೆದು ತೊಳೆದು ಸಾಮಾನ್ಯ ಸರಳಿನ ಜಾಗದಲ್ಲಿ ಹಾಕಬಹುದು. ಅದು ಲೋಹದಂತೆ ಬೇಗನೆ ಕರಗುವುದಿಲ್ಲ.

ಎರಡನೆಯದು ಪಾಚಿ ಮತ್ತು ಕೆಸರು. ನಮ್ಮ ಮುರಕಲ್ಲಿನ ನೀರಿನಲ್ಲಿರುವ ಕಬ್ಬಿಣದ ಅಂಶ ಸರಳಿನ ಮೇಲೆ ಕೆಂಪು ಪೊರೆಯಾಗಿ ಕೂರುತ್ತದೆ. ದೀಪಾವಳಿಗೊಮ್ಮೆ, ಶಿವರಾತ್ರಿಗೊಮ್ಮೆ, ಬಿಸುವಿಗೊಮ್ಮೆ ಸರಳುಗಳನ್ನು ಮೇಲೆತ್ತಿ ತೆಂಗಿನ ನಾರಿನಿಂದ ಉಜ್ಜಿದರೆ ಸಾಕು. ಸರಳಿನ ತುದಿಯ ಒಂದೆರಡು ಇಂಚು ಮಾತ್ರ ಬತ್ತಲೆ ಇದ್ದು ಉಳಿದ ಭಾಗ ಪ್ಲಾಸ್ಟಿಕ್ ನಳಿಗೆಯೊಳಗಿರಬೇಕು. ಸಾಮಾನ್ಯ ಸರಳಿನದು ತಳದಲ್ಲಿರಲಿ. ಅವನ್ನು ಹಿಡಿದಿರುವ ಹಲಗೆ ಹೊರಹರಿವಿನ ಕೊಳವೆಗಿಂತ ಮೇಲಿರಬೇಕು.

ಮೂರನೆಯದು ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆ ಘಟ್ಟದ ಬುಡದಲ್ಲಿ ಎಂಥದೆಂದು ಕಾರ್ಕಳದವರಿಗೆ ತಿಳಿದಿದೆ. ಗುಡ್ಡದ ತಲೆಯಿಂದ ಮನೆಗೆ ಎಳೆದ ಉದ್ದನೆಯ ತಂತಿ ಸಿಡಿಲಿಗೆ ದಾರಿ ತೋರಿಸಿದಂತೆ. ಆದುದರಿಂದ ತಂತಿಯನ್ನು ಪೆಟ್ಟಿಗೆಗೆ ಕಾಯಂ ಬೆಸೆಯದೆ ಕಿತ್ತು ತೆಗೆಯುವ ಪ್ಲಗ್ಗು ಇಡಿ. ಮೋಡ ಕಟ್ಟಿದೊಡನೆ ಕೀಳುವುದು ಮನೆಯವರೆಲ್ಲರಿಗೂ ಗೊತ್ತಿರಲಿ. ಮಿಂಚು ಶುರುವಾದ ಮೇಲೆ ಮುಟ್ಟುವುದು ಬೇಡ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. 230 ವೋಲ್ಟಿನ ಮನೆ ವಿದ್ಯುತ್ತು ಯಾವ ರೀತಿಯಲ್ಲಿಯೂ ಟಾಂಕಿಯ ನೀರನ್ನು ಮುಟ್ಟಬಾರದು. ಸೆಲ್ಲು ಬೇಡವೆನ್ನುವವರು ಒಳ್ಳೆಯ ಟ್ರಾನ್ಸ್‌ಫಾರ್ಮರ್ ಇರುವ ಅಡಾಪ್ಟರನ್ನೇ ಬಳಸಬೇಕು. ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೆಪಾಸಿಟರಿನಿಂದ ವೋಲ್ಟೇಜು ಇಳಿಸುವ ಅಗ್ಗದ ಮಂಡಲಗಳಲ್ಲಿ ನೀರು ನೇರವಾಗಿ ಲೈನಿಗೆ ಸಂಪರ್ಕದಲ್ಲಿರುತ್ತದೆ. ಪೇಟೆಯಲ್ಲಿ ಕೊಳ್ಳುವಾಗ ಈ ಒಂದು ಪ್ರಶ್ನೆಯನ್ನು ಕೇಳದೆ ಕೊಳ್ಳಬೇಡಿ.

ದೀಪಗಳು ಒಂದಕ್ಕೊಂದು ಸಾಕ್ಷಿಯಾಗಿರುವುದನ್ನೂ ಗಮನಿಸಬೇಕು. ಅರ್ಧದ ದೀಪ ಉರಿದು ಕಾಲಿನದು ಆರಿದ್ದರೆ ಕಾಲಿನ ಸರಳೋ ತಂತಿಯೋ ಕೆಟ್ಟಿದೆ ಎಂದೇ ಅರ್ಥ. ಪೂರ್ಣದ ತಂತಿ ತುಂಡಾದರೆ ಮಾತ್ರ ಬಝರು ಸುಮ್ಮನಿದ್ದು ಟಾಂಕಿ ಹರಿಯುತ್ತದೆ. ಆದುದರಿಂದ ಮುಕ್ಕಾಲಿನ ದೀಪ ಹತ್ತಿದ ಮೇಲೆ ಗಡಿಯಾರ ನೋಡುವ ಕ್ರಮವಿರಲಿ. ಕಾಲಿನಿಂದ ಅರ್ಧಕ್ಕೆ ಎಷ್ಟು ನಿಮಿಷವೋ ಮುಕ್ಕಾಲಿನಿಂದ ಪೂರ್ಣಕ್ಕೂ ಸುಮಾರು ಅಷ್ಟೇ. ಈ ನಿಮಿಷಗಳನ್ನು ಗೋಡೆಯ ಮೇಲೆ ಬರೆದಿಟ್ಟರೆ ಇನ್ನೊಂದು ಲಾಭವುಂಟು. ವಾರದಿಂದ ವಾರಕ್ಕೆ ಅದು ಹೆಚ್ಚುತ್ತ ಹೋದರೆ ಬಾವಿ ಇಳಿಯುತ್ತಿದೆ, ಇಲ್ಲವೇ ಪಂಪು ಸವೆದಿದೆ, ಇಲ್ಲವೇ ಕೊಳವೆ ಸೋರುತ್ತಿದೆ.

ತೆರೆದ ಬಾವಿಯವರು ಇದೇ ಮಂಡಲದ ಒಂದು ದೀಪವನ್ನು ಬಾವಿಗೂ ಇಡಬಹುದು. ಫುಟ್‌ವಾಲ್ವಿಗಿಂತ ಒಂದಡಿ ಮೇಲೆ ಸರಳು. ದೀಪ ಉರಿಯುವ ತನಕ ಪಂಪು ನಡೆಯಲಿ, ಆರಿದರೆ ನಿಲ್ಲಿಸಲಿ. ಇಲ್ಲಿ ತಂತಿ ತುಂಡಾದರೂ ದೀಪ ಆರುವುದರಿಂದ ಕೆಟ್ಟರೂ ಕೇಡಿಲ್ಲ. ಬೇಸಗೆಯಲ್ಲಿ ಪಂಪು ನೀರಿಲ್ಲದೆ ಓಡಿ ಸುಟ್ಟು, ಮೋಟಾರು ರಿಪೇರಿಯವನ ಸರದಿಗೆ ವಾರಗಟ್ಟಲೆ ಕಾಯುವ ಕಷ್ಟ ಇದರಿಂದ ತಪ್ಪುತ್ತದೆ.

ಕೊಳ್ಳುವುದೋ, ಮಾಡುವುದೋ?

ಇದೆಲ್ಲ ಏಕೆ, ಮೊಬೈಲಿನಿಂದಲೇ ಪಂಪು ಹಾಕಿ ನಿಲ್ಲಿಸುವ ಪೆಟ್ಟಿಗೆಗಳು ಬಂದಿವೆಯಲ್ಲ ಎಂದು ಕೇಳಬಹುದು. ಬಂದಿವೆ, ಉಪಯುಕ್ತವೂ ಆಗಿವೆ. ಅವುಗಳನ್ನು ಬೇಡವೆನ್ನುವವರು ನಾವಲ್ಲ. ಆದರೆ ಘಟ್ಟದ ಬದಿಯ ಎಷ್ಟೋ ಮನೆಗಳಿಗೆ ಮೊಬೈಲಿನ ಸಂಕೇತವೇ ಸರಿಯಾಗಿ ಸಿಗುವುದಿಲ್ಲ. ಮುಚ್ಚಿದ ಪೆಟ್ಟಿಗೆ ಏಪ್ರಿಲಿನಲ್ಲಿ ಕೆಟ್ಟರೆ ಅದನ್ನು ಬಿಚ್ಚಿ ಸರಿಪಡಿಸುವವರು ಊರಿನಲ್ಲಿಲ್ಲ. ಪೇಟೆಗೆ ಕಳಿಸಿ ಬರುವಾಗ ಮಳೆ ಹಿಡಿದಿರುತ್ತದೆ. ಇನ್ನು ತಾನಾಗಿ ನಿಲ್ಲುವ ವ್ಯವಸ್ಥೆಯ ಮಾತು. ರಿಲೇಯನ್ನು ಸ್ಟಾರ್ಟರಿಗೆ ಜೋಡಿಸುವುದು ಪರವಾನಿಗೆಯುಳ್ಳ ವಿದ್ಯುತ್ ಕೆಲಸಗಾರನ ಕೆಲಸ. ಅದಕ್ಕೆ ನಾವು ಕೈ ಹಾಕತಕ್ಕದ್ದಲ್ಲ. ಮೊದಲು ಕಾಣಲಿ, ಆಮೇಲೆ ತಾನಾಗಿ ನಿಲ್ಲಲಿ. ಕಾಪುವಿನ ದೀಪಸ್ತಂಭ 1901ರಿಂದ ಬೆಳಕು ತೋರಿಸುತ್ತ ಬಂದಿದೆ; ದೋಣಿ ನಡೆಸುವ ಕೆಲಸವನ್ನು ಅದು ವಹಿಸಿಕೊಂಡಿಲ್ಲ. ನಾವು ಹೇಳುವ ದೀಪದ ಕೆಲಸವೂ ಅಷ್ಟೇ.

ಸದಸ್ಯರು ಒಂದು ಹಳೆಯ ಸಂಗತಿಯನ್ನು ನೆನಪಿಸಿಕೊಳ್ಳಬೇಕೆಂದು ನಮ್ಮ ಕೋರಿಕೆ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದಾಗ ಅದೂ ಪರದೇಶದ ರಸಾಯನ ವಿದ್ಯೆಯೇ ಆಗಿತ್ತು. ಇಂದು ಅದನ್ನು ಪರದೇಶದ್ದೆಂದು ಯಾರು ತಿಳಿಯುತ್ತಾರೆ? 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬುದು ಶಾಲೆಯ ಮೆಟ್ಟಿಲು ಹತ್ತದವನಿಗೂ ಬಾಯಿಪಾಠ. ದ್ರಾವಣ ಸರಿಯಾಯಿತೋ ಎಂದು ನೋಡಲು ಕತ್ತಿಯ ಅಲಗನ್ನು ಅದ್ದಿ ತೆಗೆದು, ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯುತ್ತೇವೆ. ಆ ಕತ್ತಿಯ ಅಲಗು ಒಂದು ಸೂಚಕವಲ್ಲದೆ ಇನ್ನೇನು? ಸೂಚಕವನ್ನು ಮಾಡುವುದೂ ಓದುವುದೂ ನಮ್ಮ ತೋಟಗಾರನಿಗೆ ಹೊಸತಲ್ಲ. ಬೋರ್ಡೋ ದ್ರಾವಣ ನೂರು ವರ್ಷ ಬಾಳಿದ್ದು ಅದು ಅಗ್ಗವೆಂಬ ಕಾರಣಕ್ಕೆ ಮಾತ್ರವಲ್ಲ. ನಮ್ಮ ಅಂಗಳದಲ್ಲಿ, ನಮ್ಮ ಕೈಯಿಂದ, ನಮಗೆ ಅರ್ಥವಾಗುವಂತೆ ತಯಾರಾಗುತ್ತದೆ ಎಂಬ ಕಾರಣಕ್ಕೆ. ನೀರಿನ ದೀಪವೂ ಹಾಗೆಯೇ ಬಾಳಬೇಕೆಂಬುದು ನಮ್ಮ ಅಭಿಪ್ರಾಯ.

ಸಂಘ ಏನು ಮಾಡಬಹುದು?

ಮೊದಲನೆಯದಾಗಿ, ಮೈಲುತುತ್ತು ಮಾರುವ ನಮ್ಮ ಮಳಿಗೆಗಳಲ್ಲಿಯೇ ಮೇಲೆ ಹೇಳಿದ ಸಾಮಾನುಗಳ ಒಂದು ಕಟ್ಟನ್ನು, ಕನ್ನಡದಲ್ಲಿ ಮುದ್ರಿಸಿದ ಜೋಡಣೆಯ ಚಿತ್ರದೊಡನೆ, ಕೊಂಡ ಬೆಲೆಗೆ ದೊರಕಿಸಬೇಕು. ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ನಾಲ್ಕು ಟ್ರಾನ್ಸಿಸ್ಟರ್ ಕೇಳಲು ನಮ್ಮ ಹಿರಿಯ ಸದಸ್ಯರು ಸಂಕೋಚಪಡುತ್ತಾರೆ. ಸಂಘದ ಮಳಿಗೆಯಲ್ಲಿ ಆ ಸಂಕೋಚವಿಲ್ಲ.

ಎರಡನೆಯದಾಗಿ, ದೀಪಾವಳಿಗೆ ಮುಂಚೆ ಕಾರ್ಕಳದಲ್ಲೊಂದು, ಕಾಪುವಿನಲ್ಲೊಂದು ಒಂದು ದಿನದ ತರಬೇತಿ ನಡೆಯಬೇಕು. ಗ್ರಾಮಕ್ಕೊಬ್ಬ ಯುವಕ ಅಥವಾ ಯುವತಿ ಬೆಸುಗೆ ಹಾಕಲು ಕಲಿತರೆ ಇಡೀ ಗ್ರಾಮಕ್ಕೆ ಸಾಕು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಅಲ್ಪಾವಧಿಯ ತರಬೇತಿಯಿಂದ ಹಳ್ಳಿಯ ಯುವಜನರು ಸ್ವಂತ ಉದ್ಯೋಗ ಕಟ್ಟಬಹುದೆಂಬುದನ್ನು ನಮ್ಮ ನಾಡಿನಲ್ಲಿಯೇ ತೋರಿಸಿಕೊಟ್ಟಿದೆ.

ಮೂರನೆಯದಾಗಿ, ಮಣಿಪಾಲದಲ್ಲಿ 1957ರಿಂದ, ನಿಟ್ಟೆಯಲ್ಲಿ 1986ರಿಂದ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿಯ ವಿದ್ಯಾರ್ಥಿಗಳು ಕುಡಿಯುವ ನೀರು ನಮ್ಮ ತೋಟಗಳ ಬದಿಯಿಂದಲೇ ಹರಿದು ಹೋದದ್ದು. ಅವರನ್ನು ನಾವು ಆದರದಿಂದ ಕರೆಯೋಣ. ಆದರೆ ಕರೆಯುವುದು ಮಾದರಿಯ ಪ್ರದರ್ಶನಕ್ಕಲ್ಲ. ಮಳೆಯಲ್ಲಿ ನೆನೆದ ತಂತಿ, ಇರುವೆ ಗೂಡು ಕಟ್ಟಿದ ಪೆಟ್ಟಿಗೆ, ಕೆಂಪು ಪೊರೆ ಹಿಡಿದ ಸರಳು, ಸಿಡಿಲಿಗೆ ಸುಟ್ಟ ಟ್ರಾನ್ಸಿಸ್ಟರ್, ಇವನ್ನೆಲ್ಲ ತೋಟಕ್ಕೇ ಬಂದು ನೋಡಿ ಪರಿಹಾರ ಹೇಳಲಿ. ಅವರಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ, ನಮಗೆ ಅದಕ್ಕಿಂತ ಒಳ್ಳೆಯ ಉಪಕಾರವಿಲ್ಲ.

ಒಂದು ಸಣ್ಣ ದೀಪದಿಂದ ಬಜೆ ಅಣೆಕಟ್ಟು ತುಂಬೀತೆಂದು ನಾವು ಹೇಳುತ್ತಿಲ್ಲ. ಮಳೆನೀರು ಇಂಗಿಸುವುದು, ಹೊಳೆಗೆ ಕಟ್ಟ ಹಾಕುವುದು, ಮದಕಗಳ ಹೂಳೆತ್ತುವುದು, ಇವೆಲ್ಲ ದೊಡ್ಡ ಕೆಲಸಗಳು. ಅವುಗಳಿಗೆ ಹತ್ತು ಜನ ಕೂಡಬೇಕು, ಹಣ ಬೇಕು, ಸರಕಾರದ ನೆರವು ಬೇಕು. ಟಾಂಕಿ ಹರಿಯದಂತೆ ನೋಡಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಬರುವ ಮೇ ತಿಂಗಳಿನಲ್ಲಿ ಮೇಲಿನವರು ನೀರು ಪೋಲು ಮಾಡಿದರೆಂದು ಯಾರಾದರೂ ಹೇಳಿದರೆ, ಗೋಡೆಯ ಮೇಲೆ ಬರೆದಿಟ್ಟ ನಿಮಿಷಗಳ ಲೆಕ್ಕವನ್ನು ತೋರಿಸುವ ಸ್ಥಿತಿಯಲ್ಲಿ ನಾವಿರಬೇಕು. ಸದಸ್ಯ ಬಂಧುಗಳು ತಮ್ಮ ತಮ್ಮ ಟಾಂಕಿಯ ಅಳತೆ, ಪಂಪಿನ ಅಶ್ವಶಕ್ತಿ, ತುಂಬುವ ಹೊತ್ತು, ಮನೆಗಿರುವ ದೂರ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಹತ್ತಿರದ ಸಂಘದ ಶಾಖೆಗೆ ಕೊಟ್ಟರೆ, ಎಷ್ಟು ಕಟ್ಟು ಸಾಮಾನು ತರಿಸಬೇಕು, ಎಲ್ಲಿ ಮೊದಲು ತರಬೇತಿ ನಡೆಸಬೇಕು ಎಂಬುದನ್ನು ಗೊತ್ತುಮಾಡಲು ಅನುಕೂಲವಾಗುವುದು. ಪಂಪುಶೆಡ್ಡಿನ ಬೀಗ ತೆಗೆಯುವ ಮುಂಚೆಯೇ ಈ ಕೆಲಸವಾಗಲಿ.